ಅಮೀರ್‌ಬಾಯಿ ಕರ್ನಾಟಕಿ

ಅಮೀರ್‌ಬಾಯಿ ಕರ್ನಾಟಕಿ (ಸುಮಾರು 1906 – 3 ಮಾರ್ಚ್ 1965) ಹಿಂದಿ ಚಿತ್ರರಂಗದ ಆರಂಭಕಾಲದ ಪ್ರಸಿದ್ಧ ಹಿನ್ನೆಲೆ ಗಾಯಕಿ, ನಟಿ ಹಾಗೂ ಸಂಗೀತ ನಿರ್ದೇಶಕಿ. ಇಂದಿನ ಬಾಗಲಕೋಟೆ ಜಿಲ್ಲೆಯ ಬೀಳಗಿಯಲ್ಲಿ ಜನಿಸಿದ ಇವರ ಮಾತೃಭಾಷೆ ಕನ್ನಡ. ಹಿಂದಿ ಮತ್ತು ಗುಜರಾತಿ ಚಿತ್ರಗಳಿಗೆ ಹಾಡಿದ ಇವರು ‘ಕನ್ನಡ ಕೋಗಿಲೆ’ ಎಂಬ ಹೆಸರಿನಿಂದ ಪ್ರಸಿದ್ಧರಾಗಿದ್ದರು. 1943ರಲ್ಲಿ ತೆರೆಕಂಡ ‘ಕಿಸ್ಮತ್’ ಚಿತ್ರದ ಹಾಡುಗಳು ಇವರಿಗೆ ದೇಶವ್ಯಾಪಿ ಖ್ಯಾತಿಯನ್ನು ತಂದುಕೊಟ್ಟವು. ನಟಿಯರು ತಮ್ಮ ಹಾಡುಗಳನ್ನು ತಾವೇ ಹಾಡಬೇಕಾಗಿದ್ದ ಕಾಲದಲ್ಲಿ ಚಿತ್ರರಂಗವನ್ನು ಪ್ರವೇಶಿಸಿದ ಅಮೀರ್‌ಬಾಯಿ, ಹಿನ್ನೆಲೆ ಗಾಯನವು ಒಂದು ಸ್ವತಂತ್ರ ವೃತ್ತಿಯಾಗಿ ರೂಪುಗೊಂಡಾಗ ಅದರ ಮೊದಲ ತಲೆಮಾರಿನ ಮುಂಚೂಣಿಯಲ್ಲಿದ್ದರು. 1940ರ ದಶಕದ ಕೊನೆಯಲ್ಲಿ ಚಿತ್ರಗೀತೆಗಳ ಶೈಲಿ ಬದಲಾದ ನಂತರ ಮತ್ತೆ ನಟನೆಯತ್ತ ಹೊರಳಿ, ಪೋಷಕ ಪಾತ್ರಗಳಲ್ಲಿ ಕಾಣಿಸಿಕೊಂಡರು.

ಹಿನ್ನೆಲೆ ಮತ್ತು ಬಾಲ್ಯ

ಅಮೀರ್‌ಬಾಯಿಯವರು ಹುಟ್ಟಿದ ಬೀಳಗಿ ಅಂದು ಬಿಜಾಪುರ ಜಿಲ್ಲೆಗೆ ಸೇರಿದ್ದ ಊರು. 1997ರಲ್ಲಿ ಬಾಗಲಕೋಟೆ ಪ್ರತ್ಯೇಕ ಜಿಲ್ಲೆಯಾದಾಗ ಬೀಳಗಿ ಅದರ ಭಾಗವಾಯಿತು. ಅವರ ಜನನದ ವರ್ಷವನ್ನು ಸಾಮಾನ್ಯವಾಗಿ 1906 ಎಂದು ಹೇಳಲಾಗುತ್ತದೆ; 1912 ಎಂದು ದಾಖಲಿಸಿದ ಬರಹಗಳೂ ಇವೆ. ಐವರು ಸಹೋದರಿಯರಿದ್ದ ಈ ಮುಸ್ಲಿಂ ಕುಟುಂಬದಲ್ಲಿ ಹೆಸರು ಗಳಿಸಿದವರು ಇಬ್ಬರು: ಹಿರಿಯರಾದ ಗೋಹರ್‌ಬಾಯಿ ಮತ್ತು ಅಮೀರ್‌ಬಾಯಿ. ಅಮೀರ್‌ಬಾಯಿಯವರು ಮೆಟ್ರಿಕ್ಯುಲೇಷನ್‌ವರೆಗೆ ಓದಿದ್ದರು ಎಂಬ ಮಾತಿದೆ. ಅಂದಿನ ಕಾಲಕ್ಕೆ, ಅದರಲ್ಲಿಯೂ ಕಲಾವಿದೆಯರ ಪಾಲಿಗೆ, ಅದು ಅಪರೂಪದ ಶಿಕ್ಷಣವಾಗಿತ್ತು.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಉತ್ತರ ಕರ್ನಾಟಕವು ಸಂಗೀತ ಮತ್ತು ರಂಗಭೂಮಿಗಳ ಬೀಡಾಗಿತ್ತು. ಕಿರಾನಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂ ಖಾನರು ಧಾರವಾಡ, ಹುಬ್ಬಳ್ಳಿ, ಮೀರಜ್‌ಗಳ ಸುತ್ತ ಹಿಂದೂಸ್ತಾನಿ ಗಾಯನವನ್ನು ಬೇರೂರಿಸುತ್ತಿದ್ದರು. ಕುಂದಗೋಳದ ಸವಾಯಿ ಗಂಧರ್ವರು ಅವರ ಶಿಷ್ಯರಾಗಿ ಬೆಳೆದು, ಮರಾಠಿ ಸಂಗೀತ ನಾಟಕಗಳ ಗಾಯಕ ನಟರಾದರು. ಮರಾಠಿ ಕಂಪನಿಗಳು ಹುಬ್ಬಳ್ಳಿ-ಧಾರವಾಡಗಳವರೆಗೆ ಬಂದು ಪ್ರದರ್ಶನ ನೀಡುತ್ತಿದ್ದವು. ಅವುಗಳಿಂದ ಪ್ರಭಾವಿತವಾದ ಕನ್ನಡ ಕಂಪನಿಗಳು ಜಾತ್ರೆ, ಸಂತೆಗಳ ಊರುಗಳಲ್ಲಿ ಮೊಕ್ಕಾಂ ಹೂಡುತ್ತಿದ್ದವು. ಹಾಡಲು ಬಾರದವರಿಗೆ ಈ ರಂಗಭೂಮಿಯಲ್ಲಿ ಮುಖ್ಯ ಪಾತ್ರ ಸಿಗುವುದು ದುರ್ಲಭವಾಗಿತ್ತು. ಧ್ವನಿವರ್ಧಕಗಳಿಲ್ಲದ ಆ ದಿನಗಳಲ್ಲಿ ತಗಡಿನ ಥಿಯೇಟರಿನ ಕೊನೆಯ ಸಾಲಿನಲ್ಲಿ ಕುಳಿತ ಪ್ರೇಕ್ಷಕನಿಗೂ ಸ್ಪಷ್ಟವಾಗಿ ಕೇಳಿಸುವ ಕಂಠ ನಟ-ನಟಿಯರ ಮೊದಲ ಅರ್ಹತೆಯಾಗಿತ್ತು.

ಕನ್ನಡಿಗರು ಆಗ ಒಂದೇ ಆಡಳಿತದ ಅಡಿಯಲ್ಲಿರಲಿಲ್ಲ. ಬಿಜಾಪುರ, ಬೆಳಗಾವಿ, ಧಾರವಾಡ ಮತ್ತು ಕಾರವಾರ ಜಿಲ್ಲೆಗಳು ಬೊಂಬಾಯಿ ಪ್ರಾಂತದಲ್ಲಿದ್ದರೆ, ದಕ್ಷಿಣದ ಜಿಲ್ಲೆಗಳು ಮೈಸೂರು ಸಂಸ್ಥಾನದಲ್ಲಿದ್ದವು. ಹರಿಹರದ ಬಳಿ ಹರಿಯುವ ತುಂಗಭದ್ರೆಯೇ ಇವೆರಡರ ನಡುವಿನ ಗಡಿಯಾಗಿತ್ತು: ನದಿಯ ಈಚೆಗೆ ಮೈಸೂರು ಸಂಸ್ಥಾನದ ಹರಿಹರ, ದಾವಣಗೆರೆಗಳು, ಆಚೆಗೆ ಬೊಂಬಾಯಿ ಪ್ರಾಂತದ ರಾಣೆಬೆನ್ನೂರು. ನಾಟಕ ಕಂಪನಿಗಳು ಈ ಗಡಿಯನ್ನು ಲೆಕ್ಕಿಸದೆ ಸಂಚರಿಸುತ್ತಿದ್ದವು. ವ್ಯಾಪಾರದ ಊರಾಗಿ ಬೆಳೆದ ದಾವಣಗೆರೆಯು ಎರಡೂ ಕಡೆಯ ಕಂಪನಿಗಳಿಗೆ ಆಶ್ರಯ ನೀಡಿತ್ತು. ಆದರೆ ಹೆಚ್ಚಿನ ಅವಕಾಶಗಳನ್ನು ಅರಸುವಾಗ ದಾರಿಗಳು ಬೇರೆಯಾಗುತ್ತಿದ್ದವು. ನದಿಯ ದಕ್ಷಿಣದ ಕಲಾವಿದರು ಬೆಂಗಳೂರು, ಮೈಸೂರು ಮತ್ತು ಮದರಾಸಿನ ಕಡೆಗೆ ಹೋದರೆ, ಉತ್ತರದವರಿಗೆ ಪುಣೆ, ಕೊಲ್ಹಾಪುರ ಮತ್ತು ಮುಂಬಯಿಗಳೇ ಹತ್ತಿರದ ಕಲಾಕೇಂದ್ರಗಳಾಗಿದ್ದವು. ಬೀಳಗಿಯ ಸಹೋದರಿಯರು ಹಿಡಿದದ್ದು ಈ ಎರಡನೆಯ ದಾರಿ.

ಮುಂಬಯಿಗೆ ಬಂದ ನಂತರ ಇಬ್ಬರೂ ‘ಕರ್ನಾಟಕಿ’ ಎಂಬ ಹೆಸರಿನಿಂದ ಗುರುತಿಸಲ್ಪಟ್ಟರು. ಕಲಾವಿದೆಯರ ಹೆಸರಿಗೆ ಊರಿನ ಹೆಸರನ್ನು ಸೇರಿಸುವುದು ಅಂದಿನ ರೂಢಿಯಾಗಿತ್ತು. ಝೊಹ್ರಾಬಾಯಿ ಅಂಬಾಲೆವಾಲಿ, ಶಾಂತಾ ಹುಬ್ಳೀಕರ್ ಮೊದಲಾದವರ ಹೆಸರುಗಳಲ್ಲಿ ಇದನ್ನು ಕಾಣಬಹುದು. ಬೀಳಗಿಯ ಸಹೋದರಿಯರ ವಿಷಯದಲ್ಲಿ ಮಾತ್ರ ಊರಿನ ಬದಲು ನಾಡಿನ ಹೆಸರೇ ಸೇರಿಕೊಂಡಿತು. ಕರ್ನಾಟಕ ಎಂಬ ಹೆಸರಿನ ರಾಜ್ಯವು ಆಗ ಇರಲಿಲ್ಲ. ಕನ್ನಡ ಪ್ರದೇಶಗಳು ಒಂದುಗೂಡಿದ್ದು 1956ರಲ್ಲಿ. ರಾಜ್ಯಕ್ಕೆ ಆ ಹೆಸರು ಬಂದದ್ದು 1973ರಲ್ಲಿ, ಅಂದರೆ ಅಮೀರ್‌ಬಾಯಿಯವರು ತೀರಿಕೊಂಡ ಎಂಟು ವರ್ಷಗಳ ನಂತರ.

ಸಹೋದರಿ ಗೋಹರ್‌ಬಾಯಿ

ಅಮೀರ್‌ಬಾಯಿಯವರು ಚಿತ್ರರಂಗಕ್ಕೆ ಬರಲು ಅಕ್ಕ ಗೋಹರ್‌ಬಾಯಿ ನೆರವಾದರು. ಗಾಯಕಿಯೂ ನಟಿಯೂ ಆಗಿದ್ದ ಗೋಹರ್‌ಬಾಯಿ ಮರಾಠಿ ರಂಗಭೂಮಿಯ ಮೇರುನಟ ಬಾಲಗಂಧರ್ವರ (ನಾರಾಯಣ ಶ್ರೀಪಾದ ರಾಜಹಂಸ, 1888–1967) ಗಾಯನಶೈಲಿಯನ್ನು ಮೈಗೂಡಿಸಿಕೊಂಡಿದ್ದರು. 1930ರ ದಶಕದ ಉತ್ತರಾರ್ಧದಲ್ಲಿ ಅವರು ಬಾಲಗಂಧರ್ವರ ನಾಟಕ ಮಂಡಳಿಯನ್ನು ಸೇರಿದರು. ದಶಕಗಳ ಕಾಲ ಸ್ತ್ರೀಪಾತ್ರಗಳಿಂದ ಮಹಾರಾಷ್ಟ್ರವನ್ನು ಮೋಡಿಮಾಡಿದ್ದ ಬಾಲಗಂಧರ್ವರಿಗೆ ಆಗ ವಯಸ್ಸಾಗುತ್ತಿತ್ತು, ಮಂಡಳಿ ಸಾಲದಲ್ಲಿತ್ತು. ಅವರು ನಿರ್ವಹಿಸುತ್ತಿದ್ದ ನಾಯಕಿಯ ಪಾತ್ರಗಳನ್ನು ಗೋಹರ್‌ಬಾಯಿ ವಹಿಸಿಕೊಂಡರು. ಮುಂದೆ ಇಬ್ಬರೂ ಬಾಳಸಂಗಾತಿಗಳಾದರು. ಈ ಸಂಬಂಧವನ್ನು ಬಾಲಗಂಧರ್ವರ ಅಭಿಮಾನಿಗಳಲ್ಲಿ ಅನೇಕರು ಒಪ್ಪಲಿಲ್ಲ. ಮರಾಠಿ ರಂಗಭೂಮಿಯ ಬರಹಗಳಲ್ಲಿ ಗೋಹರ್‌ಬಾಯಿಯವರ ಕುರಿತು ಬಹುಕಾಲ ಕಟುವಾದ ಮಾತುಗಳೇ ಇದ್ದವು. ಅವರು 1964ರಲ್ಲಿ, ಅಮೀರ್‌ಬಾಯಿಯವರಿಗಿಂತ ಒಂದು ವರ್ಷ ಮೊದಲು ನಿಧನರಾದರು.

ಚಿತ್ರರಂಗ ಪ್ರವೇಶ

ಅಮೀರ್‌ಬಾಯಿಯವರು ಹದಿಹರೆಯದಲ್ಲಿಯೇ ಮುಂಬಯಿಗೆ ಹೋದರು. ಅವರ ಗಾಯನವನ್ನು ಮೆಚ್ಚಿದ ಎಚ್‌ಎಂವಿ ಗ್ರಾಮಫೋನ್ ಕಂಪನಿಯ ಪ್ರತಿನಿಧಿಯೊಬ್ಬರು ಅವರಿಂದ ಒಂದು ಕವ್ವಾಲಿಯನ್ನು ಹಾಡಿಸಿ ಮುದ್ರಿಸಿದರು; ಅದು ಜನಪ್ರಿಯವಾಯಿತು. ಗ್ರಾಮಫೋನ್ ಕಂಪನಿಗಳು ಆ ದಿನಗಳಲ್ಲಿ ಉತ್ತರ ಕರ್ನಾಟಕದ ಹಲವು ಕಂಠಗಳನ್ನು ಹುಡುಕಿ ಮುದ್ರಿಸಿಕೊಳ್ಳುತ್ತಿದ್ದವು. ಗಂಗೂಬಾಯಿ ಹಾನಗಲ್ ಅವರ ಆರಂಭದ ಧ್ವನಿಮುದ್ರಿಕೆಗಳು ಗಾಂಧಾರಿ ಹಾನಗಲ್ ಎಂಬ ಹೆಸರಿನಲ್ಲಿ ಹೊರಬಂದದ್ದೂ ಇದೇ ಕಾಲದಲ್ಲಿ.

ಭಾರತದ ಮೊದಲ ವಾಕ್ಚಿತ್ರ ‘ಆಲಂ ಆರಾ’ 1931ರ ಮಾರ್ಚ್ 14ರಂದು ತೆರೆಕಂಡಿತ್ತು. ಮಾತು ಮತ್ತು ಹಾಡುಗಳು ಬಂದೊಡನೆ ಮೂಕಿ ಚಿತ್ರಗಳ ಅನೇಕ ತಾರೆಯರು ಹಿಂದೆ ಸರಿದು, ರಂಗಭೂಮಿಯ ಗಾಯಕ ನಟ-ನಟಿಯರಿಗೆ ಬೇಡಿಕೆ ಹೆಚ್ಚಿತು. 1934ರಲ್ಲಿ ‘ವಿಷ್ಣುಭಕ್ತಿ’ ಚಿತ್ರದ ಮೂಲಕ ಅಮೀರ್‌ಬಾಯಿ ಬೆಳ್ಳಿತೆರೆಗೆ ಬಂದರು. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ ತೆರೆಕಂಡದ್ದೂ ಅದೇ ವರ್ಷ. ಆ ಚಿತ್ರದ ಚಿತ್ರೀಕರಣವೂ ಕೊಲ್ಹಾಪುರದಲ್ಲಿ ನಡೆದಿತ್ತು. ಕನ್ನಡ ನಾಡಿನಲ್ಲಿ ವಾಕ್ಚಿತ್ರ ತಯಾರಿಸುವ ಸೌಲಭ್ಯಗಳು ಆಗ ಇನ್ನೂ ಬೆಳೆದಿರಲಿಲ್ಲ. ಧಾರವಾಡದಲ್ಲಿ ಜನಿಸಿದ ಲೀಲಾ ಚಿಟ್ನಿಸ್ ಮತ್ತು ಹುಬ್ಬಳ್ಳಿ ಸೀಮೆಯ ಶಾಂತಾ ಹುಬ್ಳೀಕರ್ ಅವರೂ ಇದೇ ಕಾಲದಲ್ಲಿ ಹಿಂದಿ ಮತ್ತು ಮರಾಠಿ ಚಿತ್ರಗಳ ಮೂಲಕ ಹೆಸರಾದರು.

ಮೊದಲ ಕೆಲವು ವರ್ಷಗಳಲ್ಲಿ ಅಮೀರ್‌ಬಾಯಿಯವರಿಗೆ ದೊರೆತದ್ದು ಸಣ್ಣಪುಟ್ಟ ಪಾತ್ರಗಳು. ಅವರು ಹಾಡುವ ನಟಿಯಾಗಿ ಹಲವು ಚಿತ್ರಗಳಲ್ಲಿ ಕಾಣಿಸಿಕೊಂಡರೂ ಅಂದಿನ ಚಿತ್ರರಂಗ ಅಪೇಕ್ಷಿಸುತ್ತಿದ್ದ ನಾಯಕಿಯ ಸ್ಥಾನ ಅವರಿಗೆ ಒದಗಲಿಲ್ಲ. ಅವರ ವೃತ್ತಿಜೀವನದ ದಿಕ್ಕನ್ನು ಬದಲಿಸಿದ್ದು ಒಂದು ತಾಂತ್ರಿಕ ಬೆಳವಣಿಗೆ.

ಹಿನ್ನೆಲೆ ಗಾಯನದ ಆರಂಭ

ವಾಕ್ಚಿತ್ರಗಳ ಮೊದಲ ವರ್ಷಗಳಲ್ಲಿ ಹಾಡನ್ನು ಚಿತ್ರೀಕರಣದ ಸ್ಥಳದಲ್ಲಿಯೇ ಮುದ್ರಿಸಿಕೊಳ್ಳಲಾಗುತ್ತಿತ್ತು. ನಟಿ ಕ್ಯಾಮೆರಾದ ಎದುರು ಹಾಡುತ್ತಿದ್ದರೆ, ವಾದ್ಯಗಾರರು ಚೌಕಟ್ಟಿನಿಂದ ಹೊರಗೆ, ಮರಗಳ ಅಥವಾ ಪರದೆಗಳ ಮರೆಯಲ್ಲಿ ಕುಳಿತು ನುಡಿಸುತ್ತಿದ್ದರು. ಹಾಡಿನಲ್ಲಿ ಸಣ್ಣ ತಪ್ಪಾದರೂ ಇಡೀ ದೃಶ್ಯವನ್ನು ಮತ್ತೆ ಚಿತ್ರೀಕರಿಸಬೇಕಾಗುತ್ತಿತ್ತು. 1935ರಲ್ಲಿ ಕಲ್ಕತ್ತೆಯ ನ್ಯೂ ಥಿಯೇಟರ್ಸ್ ಸಂಸ್ಥೆಯಲ್ಲಿ ನಿತಿನ್ ಬೋಸ್ ನಿರ್ದೇಶಿಸಿದ ‘ಧೂಪ್ ಛಾಂವ್’ ಚಿತ್ರದಲ್ಲಿ ಹಾಡುಗಳನ್ನು ಮುಂಚಿತವಾಗಿ ಮುದ್ರಿಸಿ, ಚಿತ್ರೀಕರಣದಲ್ಲಿ ತುಟಿಚಲನೆಯನ್ನು ಹೊಂದಿಸುವ ಕ್ರಮವನ್ನು ಅಳವಡಿಸಲಾಯಿತು. ಕ್ರಮೇಣ ಈ ಪದ್ಧತಿ ಮುಂಬಯಿಗೂ ಹರಡಿತು.

ಇದರಿಂದಾಗಿ ಮುಖ ಮತ್ತು ಧ್ವನಿಗಳು ಬೇರೆಬೇರೆ ವ್ಯಕ್ತಿಗಳದ್ದಾಗುವುದು ಸಾಧ್ಯವಾಯಿತು. ಹಾಡಲು ಬಾರದ ನಟಿಯರು ನಾಯಕಿಯರಾದರು. ತೆರೆಯ ಮೇಲೆ ಅವಕಾಶ ಸಿಗದ ಗಾಯಕಿಯರು ಅವರಿಗೆ ಕಂಠವನ್ನು ನೀಡಿದರು. ಈ ವ್ಯವಸ್ಥೆಯಲ್ಲಿ ಗಾಯಕಿಯರ ಹೆಸರು ಎಷ್ಟೋ ಬಾರಿ ಪ್ರೇಕ್ಷಕರಿಗೆ ತಿಳಿಯುತ್ತಿರಲಿಲ್ಲ. ಗ್ರಾಮಫೋನ್ ತಟ್ಟೆಗಳ ಮೇಲೆ ಗಾಯಕಿಯ ಬದಲು ಪಾತ್ರದ ಹೆಸರನ್ನು ಮುದ್ರಿಸುವುದೂ ಇತ್ತು. ಇಂತಹ ಸನ್ನಿವೇಶದಲ್ಲಿ ಸ್ವಂತ ಹೆಸರಿನಿಂದಲೇ ಜನಪ್ರಿಯರಾದ ಮೊದಲ ಹಿನ್ನೆಲೆ ಗಾಯಕಿಯರಲ್ಲಿ ಅಮೀರ್‌ಬಾಯಿ ಒಬ್ಬರು.

‘ನರ್ಸಿ ಭಗತ್’

ಪ್ರಕಾಶ್ ಪಿಕ್ಚರ್ಸ್ ಲಾಂಛನದಲ್ಲಿ ವಿಜಯ್ ಭಟ್ ನಿರ್ದೇಶಿಸಿದ ‘ನರ್ಸಿ ಭಗತ್’ (1940) ಗುಜರಾತಿನ ಸಂತಕವಿ ನರಸಿಂಹ ಮೆಹ್ತಾರ ಜೀವನವನ್ನು ಆಧರಿಸಿದ ಚಿತ್ರ. ‘ಸಂತ ತುಕಾರಾಂ’ ಚಿತ್ರದ ಖ್ಯಾತಿಯ ವಿಷ್ಣುಪಂತ ಪಾಗನೀಸ್ ಮುಖ್ಯ ಪಾತ್ರದಲ್ಲಿದ್ದರು. ಶಂಕರರಾವ್ ವ್ಯಾಸರ ಸಂಗೀತವಿದ್ದ ಈ ಚಿತ್ರಕ್ಕಾಗಿ ಅಮೀರ್‌ಬಾಯಿ ಹಾಡಿದ ‘ವೈಷ್ಣವ ಜನತೋ’ ಭಜನೆ ವ್ಯಾಪಕವಾದ ಮೆಚ್ಚುಗೆಯನ್ನು ಪಡೆಯಿತು. ಮಹಾತ್ಮಾ ಗಾಂಧಿಯವರಿಗೆ ಪ್ರಿಯವಾಗಿದ್ದ, ಅವರ ಪ್ರಾರ್ಥನಾ ಸಭೆಗಳಿಂದ ದೇಶಕ್ಕೆಲ್ಲ ಪರಿಚಿತವಾಗಿದ್ದ ಭಜನೆ ಅದು. ಬಿಜಾಪುರ ಸೀಮೆಯ ಕನ್ನಡಿತಿ ಮುಸ್ಲಿಂ ಗಾಯಕಿಯೊಬ್ಬರು ಹಾಡಿದ ಈ ಗುಜರಾತಿ ವೈಷ್ಣವ ಪದವು, ಭಾಷೆ ಮತ್ತು ಮತಗಳನ್ನು ಮೀರಿ ಬೆಳೆದಿದ್ದ ಅಂದಿನ ಸಂಗೀತ ಪರಂಪರೆಗೆ ಒಂದು ನಿದರ್ಶನವಾಗಿದೆ.

‘ಕಿಸ್ಮತ್’ ಮತ್ತು ಖ್ಯಾತಿ

ಬಾಂಬೆ ಟಾಕೀಸ್ ಸಂಸ್ಥೆಯ ‘ಕಿಸ್ಮತ್’ 1943ರಲ್ಲಿ ಬಿಡುಗಡೆಯಾಯಿತು. ಗ್ಯಾನ್ ಮುಖರ್ಜಿ ನಿರ್ದೇಶಿಸಿದ ಈ ಚಿತ್ರದಲ್ಲಿ ಅಶೋಕ್ ಕುಮಾರ್ ಜೇಬುಗಳ್ಳನ ಪಾತ್ರವನ್ನೂ, ಮುಮ್ತಾಜ್ ಶಾಂತಿ ರಂಗಭೂಮಿಯ ಗಾಯಕಿಯ ಪಾತ್ರವನ್ನೂ ನಿರ್ವಹಿಸಿದರು. ಹಿಂದೊಮ್ಮೆ ನಾಟಕ ಮಂದಿರದ ಒಡೆಯನಾಗಿದ್ದು ಈಗ ನಿರ್ಗತಿಕನಾದವನ ಮಗಳು, ಕಾಲಿನ ಊನದ ನಡುವೆಯೂ ಹಾಡಿ ಬದುಕು ಸಾಗಿಸುವುದು ಕಥೆಯ ಮುಖ್ಯ ಎಳೆಗಳಲ್ಲೊಂದು. ರಂಗಭೂಮಿಯ ಪರಂಪರೆಯಿಂದ ಬಂದ ಅಮೀರ್‌ಬಾಯಿಯವರು ಈ ಪಾತ್ರಕ್ಕೆ ಕಂಠವಾದರು. ಸಂಗೀತ ಅನಿಲ್ ಬಿಸ್ವಾಸ್ ಅವರದು. ಗೀತೆಗಳನ್ನು ಬರೆದವರು ಕವಿ ಪ್ರದೀಪ್.

ಮೆಲ್ಲನೆ ಬರುವಂತೆ ಮೋಡವನ್ನು ಕೋರುವ ಹಾಡು, ದೀಪಾವಳಿಯ ಸಡಗರದ ನಡುವೆ ತನ್ನ ಮನೆಯ ಕತ್ತಲೆಯನ್ನು ನೆನೆಯುವ ಹಾಡು, ಅನನ್ಯ ಶರಣಾಗತಿಯ ಹಾಡು — ಒಂದೊಂದೂ ಮನೆಮಾತಾಯಿತು. ಅಮೀರ್‌ಬಾಯಿಯವರು ಖಾನ್ ಮಸ್ತಾನಾ ಮತ್ತು ವೃಂದದೊಡನೆ ಹಾಡಿದ ದೇಶಭಕ್ತಿ ಗೀತೆಯು ಇವೆಲ್ಲವನ್ನೂ ಮೀರಿಸಿ ಜನಮನವನ್ನು ತಟ್ಟಿತು. ಕ್ವಿಟ್ ಇಂಡಿಯಾ ಚಳವಳಿ ಆರಂಭವಾಗಿ ಕೆಲವೇ ತಿಂಗಳುಗಳಾಗಿದ್ದವು. ರಾಷ್ಟ್ರೀಯ ನಾಯಕರು ಸೆರೆಮನೆಗಳಲ್ಲಿದ್ದರು. ಹಾಡಿನಲ್ಲಿ ಶತ್ರುಗಳೆಂದು ಹೆಸರಿಸಿದ್ದು ಎರಡನೆಯ ಮಹಾಯುದ್ಧದ ಎದುರಾಳಿಗಳಾದ ಜರ್ಮನಿ ಮತ್ತು ಜಪಾನುಗಳನ್ನಾದ್ದರಿಂದ ಅದು ಬ್ರಿಟಿಷ್ ಸೆನ್ಸಾರ್ ಮಂಡಳಿಯ ಕಣ್ಣು ತಪ್ಪಿಸಿಕೊಂಡಿತು. ಆದರೆ ಹಿಂದೂಸ್ತಾನದಿಂದ ತೊಲಗಬೇಕಾದವರು ಯಾರು ಎಂಬುದು ಪ್ರೇಕ್ಷಕರಿಗೆ ತಿಳಿದಿತ್ತು. ಚಿತ್ರಮಂದಿರಗಳಲ್ಲಿ ಜನರು ಈ ಹಾಡನ್ನು ಮತ್ತೆ ಮತ್ತೆ ಹಾಕಿಸಿ ನೋಡುತ್ತಿದ್ದರು.

ಕಲ್ಕತ್ತೆಯ ರಾಕ್ಸಿ ಚಿತ್ರಮಂದಿರದಲ್ಲಿ ‘ಕಿಸ್ಮತ್’ 187 ವಾರಗಳ ಕಾಲ ಪ್ರದರ್ಶನ ಕಂಡಿತು. ಮೂರೂವರೆ ವರ್ಷಗಳಿಗೂ ಮೀರಿದ ಈ ಪ್ರದರ್ಶನದ ದಾಖಲೆಯು 1970ರ ದಶಕದಲ್ಲಿ ‘ಶೋಲೆ’ ಬರುವವರೆಗೂ ಉಳಿಯಿತು. ಈ ಚಿತ್ರದೊಡನೆ ಅಮೀರ್‌ಬಾಯಿಯವರ ಹೆಸರು ದೇಶದ ಮೂಲೆಮೂಲೆಗೂ ತಲುಪಿತು.

ಉತ್ತುಂಗದ ವರ್ಷಗಳು

‘ಕಿಸ್ಮತ್’ ನಂತರದ ನಾಲ್ಕೈದು ವರ್ಷಗಳು ಅಮೀರ್‌ಬಾಯಿಯವರ ವೃತ್ತಿಜೀವನದ ಉತ್ತುಂಗ ಕಾಲ. ಝೊಹ್ರಾಬಾಯಿ ಅಂಬಾಲೆವಾಲಿ, ಶಂಶಾದ್ ಬೇಗಂ, ರಾಜಕುಮಾರಿ, ನೂರ್‌ಜಹಾನ್, ಖುರ್ಷೀದ್ ಮತ್ತು ಸುರಯ್ಯಾ ಅವರ ಸಮಕಾಲೀನರು. ಇವರಲ್ಲಿ ಕೊನೆಯ ಮೂವರು ತೆರೆಯ ಮೇಲೆಯೂ ನಾಯಕಿಯರಾಗಿದ್ದರೆ, ಅಮೀರ್‌ಬಾಯಿಯವರ ಖ್ಯಾತಿಯು ಬಹುಮಟ್ಟಿಗೆ ಧ್ವನಿಯೊಂದನ್ನೇ ಅವಲಂಬಿಸಿತ್ತು.

1944ರಲ್ಲಿ ತೆರೆಕಂಡ ‘ರತನ್’ ಸಂಗೀತ ನಿರ್ದೇಶಕ ನೌಶಾದರಿಗೆ ಅಪಾರ ಹೆಸರು ತಂದ ಚಿತ್ರ. ಸ್ವರ್ಣಲತಾ ಮತ್ತು ಕರಣ್ ದಿವಾನ್ ನಟಿಸಿದ ಈ ಚಿತ್ರದಲ್ಲಿ ಝೊಹ್ರಾಬಾಯಿಯವರ ಜೊತೆಗೆ ಅಮೀರ್‌ಬಾಯಿಯವರೂ ಹಾಡಿದರು. ಅದರ ವಿರಹಗೀತೆಗಳು ಬೀದಿ ಬೀದಿಗಳಲ್ಲಿ ಕೇಳಿಬಂದವು. ಅದೇ ವರ್ಷದ ‘ಭರ್ತೃಹರಿ’ ಚಿತ್ರಕ್ಕಾಗಿ ಖೇಮಚಂದ್ ಪ್ರಕಾಶರ ಸಂಗೀತದಲ್ಲಿ ಗಾಯಕ ನಟ ಸುರೇಂದ್ರರೊಡನೆ ಹಾಡಿದ ಯುಗಳಗೀತೆಯೂ ಪ್ರಸಿದ್ಧವಾಯಿತು. ಸನ್ಯಾಸಿಯಾದ ರಾಜನು ತನ್ನ ರಾಣಿ ಪಿಂಗಳೆಯ ಬಾಗಿಲಿಗೇ ಬಂದು ಭಿಕ್ಷೆ ಕೇಳುವ ಸನ್ನಿವೇಶದ ಗೀತೆ ಅದು. 1947ರ ‘ಸಿಂದೂರ್’ ಮತ್ತು ಸಿ. ರಾಮಚಂದ್ರರ ಸಂಗೀತವಿದ್ದ ‘ಶಹನಾಯಿ’ ಚಿತ್ರಗಳಲ್ಲಿಯೂ ಅವರ ಹಾಡುಗಳಿವೆ.

ಅಂದಿನ ಪ್ರಮುಖ ಚಲನಚಿತ್ರ ಮಾಸಿಕ ‘ಫಿಲ್ಮ್ ಇಂಡಿಯಾ’ ಬರೆದಂತೆ, ಇತರ ಗಾಯಕಿಯರು ಒಂದು ಹಾಡಿಗೆ 500 ರೂಪಾಯಿ ಪಡೆಯುತ್ತಿದ್ದಾಗ ಅಮೀರ್‌ಬಾಯಿಯವರ ಸಂಭಾವನೆ 1,000 ರೂಪಾಯಿಗಳಾಗಿತ್ತು.

ಗುಜರಾತಿ ಚಿತ್ರಗೀತೆಗಳು

ಅಮೀರ್‌ಬಾಯಿಯವರು ಗುಜರಾತಿ ಭಾಷೆಯನ್ನು ಸರಾಗವಾಗಿ ಬಲ್ಲವರಾಗಿದ್ದರು. ವಿ. ಎಂ. ವ್ಯಾಸ್ ನಿರ್ದೇಶನದ ‘ರಾಣಕದೇವಿ’ (1946) ಚಿತ್ರಕ್ಕಾಗಿ ಹಾಡಿದ, ಒಮ್ಮೆಯಾದರೂ ತನ್ನ ಹಳ್ಳಿಗೆ ಬಾ ಎಂದು ಕರೆಯುವ ಗೀತೆ ಅವರ ಗುಜರಾತಿ ಹಾಡುಗಳಲ್ಲಿ ಅತ್ಯಂತ ಜನಪ್ರಿಯವಾದುದು. ಮುಂದೆ ಹಿಂದಿ ಚಿತ್ರಗಳಲ್ಲಿ ತಾಯಿಯ ಪಾತ್ರಗಳಿಂದ ಹೆಸರಾದ ನಿರೂಪಾ ರಾಯ್ ಅವರ ಮೊದಲ ಚಿತ್ರವೂ ಇದೇ ಆಗಿತ್ತು. ಗುಜರಾತಿ ಸುಗಮ ಸಂಗೀತದ ಕೇಳುಗರಲ್ಲಿ ಈ ಹಾಡು ಇಂದಿಗೂ ಬಳಕೆಯಲ್ಲಿದೆ.

ಸಂಗೀತ ನಿರ್ದೇಶನ

1948ರಲ್ಲಿ ವಹಾಬ್ ಪಿಕ್ಚರ್ಸ್‌ನ ‘ಶಹನಾಜ್’ ಚಿತ್ರಕ್ಕೆ ಅಮೀರ್‌ಬಾಯಿಯವರು ಸಂಗೀತ ನಿರ್ದೇಶಕಿಯಾದರು. ಚಿತ್ರರಂಗದಲ್ಲಿ ಗಾಯಕಿಯರಿಗೆ ಸ್ಥಾನವಿತ್ತಾದರೂ ರಾಗಸಂಯೋಜನೆ ಮತ್ತು ವಾದ್ಯವೃಂದದ ನಿರ್ವಹಣೆಗಳು ಪುರುಷರ ಕ್ಷೇತ್ರಗಳೆಂದೇ ಪರಿಗಣಿತವಾಗಿದ್ದವು. ನಟಿ ನರ್ಗಿಸರ ತಾಯಿ ಜದ್ದನ್‌ಬಾಯಿ ಹಾಗೂ ಬಾಂಬೆ ಟಾಕೀಸ್‌ನ ಸರಸ್ವತಿ ದೇವಿ (ಖುರ್ಷೀದ್ ಹೋಮ್‌ಜಿ) ಅವರು 1930ರ ದಶಕದಲ್ಲಿಯೇ ಈ ಕೆಲಸವನ್ನು ಮಾಡಿದ್ದರು. ಬೆರಳೆಣಿಕೆಯ ಆ ಸ್ತ್ರೀಯರ ಸಾಲಿಗೆ ಅಮೀರ್‌ಬಾಯಿಯವರೂ ಸೇರುತ್ತಾರೆ.

ವೈಯಕ್ತಿಕ ಜೀವನ

ಅಮೀರ್‌ಬಾಯಿಯವರ ಮೊದಲ ವಿವಾಹವು ಹಿಮಾಲಯವಾಲಾ ಎಂಬ ಹೆಸರಿನಿಂದ ಪರಿಚಿತರಾಗಿದ್ದ ಖಳನಟ ಅಫ್ಜಲ್ ಕುರೇಶಿ ಅವರೊಡನೆ ನಡೆಯಿತು. ವೃತ್ತಿಯಲ್ಲಿ ಯಶಸ್ಸಿನ ಶಿಖರದಲ್ಲಿದ್ದ ವರ್ಷಗಳೇ ಅವರ ಸಂಸಾರದ ಅತ್ಯಂತ ಕಷ್ಟದ ವರ್ಷಗಳೂ ಆದವು. ಈ ದಾಂಪತ್ಯವು ಅವರಿಗೆ ಯಾತನೆಯನ್ನೇ ತಂದಿತೆಂದು ಅವರ ಜೀವನವನ್ನು ಕುರಿತು ಬರೆದವರು ದಾಖಲಿಸಿದ್ದಾರೆ. ಅದು ವಿಚ್ಛೇದನದಲ್ಲಿ ಕೊನೆಗೊಂಡಿತು. ದೇಶ ವಿಭಜನೆಯ ನಂತರ ಹಿಮಾಲಯವಾಲಾ ಪಾಕಿಸ್ತಾನಕ್ಕೆ ಹೋಗಿ ಅಲ್ಲಿನ ಚಿತ್ರಗಳಲ್ಲಿ ನಟಿಸಿದರು. ನೂರ್‌ಜಹಾನ್, ಖುರ್ಷೀದ್ ಮೊದಲಾದ ಸಮಕಾಲೀನ ಗಾಯಕಿಯರೂ ಪಾಕಿಸ್ತಾನವನ್ನು ಆಯ್ದುಕೊಂಡರು. ಅಮೀರ್‌ಬಾಯಿಯವರು ಭಾರತದಲ್ಲಿಯೇ ಉಳಿದರು. ಮುಂದೆ ಅವರು ‘ಪಾರಸ್’ ಪತ್ರಿಕೆಯ ಸಂಪಾದಕರಾಗಿದ್ದ ಬದ್ರಿ ಕಾಂಚವಾಲಾ ಅವರನ್ನು ವಿವಾಹವಾದರು.

ಬದಲಾದ ಅಭಿರುಚಿ

ನೂರ್‌ಜಹಾನ್ ಮತ್ತು ಖುರ್ಷೀದ್ ದೇಶವನ್ನು ತೊರೆದಾಗ, ಉಳಿದ ಹಿರಿಯ ಗಾಯಕಿಯರಿಗೆ ಹೆಚ್ಚಿನ ಅವಕಾಶಗಳು ದೊರೆಯಬಹುದಾಗಿತ್ತು. ಆದರೆ ಅದೇ ಸಮಯದಲ್ಲಿ ಚಿತ್ರಗೀತೆಗಳ ಸ್ವರೂಪವೇ ಬದಲಾಗತೊಡಗಿತು. 1949ರಲ್ಲಿ ‘ಮಹಲ್’, ‘ಅಂದಾಜ್’ ಮತ್ತು ‘ಬರ್ಸಾತ್’ ಚಿತ್ರಗಳ ಮೂಲಕ ಲತಾ ಮಂಗೇಶ್ಕರ್ ಮುನ್ನೆಲೆಗೆ ಬಂದರು. ಅಮೀರ್‌ಬಾಯಿಯವರಿಗೆ ‘ಭರ್ತೃಹರಿ’, ‘ಸಿಂದೂರ್’ ಚಿತ್ರಗಳ ಹಾಡುಗಳನ್ನು ನೀಡಿದ್ದ ಖೇಮಚಂದ್ ಪ್ರಕಾಶರೇ ‘ಮಹಲ್’ ಚಿತ್ರದ ಸಂಗೀತ ನಿರ್ದೇಶಕರು. ‘ರತನ್’ ಚಿತ್ರದ ನೌಶಾದರೇ ‘ಅಂದಾಜ್’ ಚಿತ್ರದ ಸಂಗೀತ ನಿರ್ದೇಶಕರು.

ಈ ಬದಲಾವಣೆಗೆ ತಾಂತ್ರಿಕ ಕಾರಣಗಳೂ ಇದ್ದವು. ರಂಗಭೂಮಿಯ ಮತ್ತು ಮೆಹಫಿಲ್‌ಗಳ ಗಾಯಕಿಯರು ತುಂಬುಕಂಠದಿಂದ, ದೂರದವರೆಗೆ ಕೇಳಿಸುವಂತೆ ಹಾಡಲು ಅಭ್ಯಾಸಮಾಡಿದವರು. ಮೈಕ್ರೊಫೋನುಗಳ ಗುಣಮಟ್ಟ ಸುಧಾರಿಸಿದಂತೆ ಉಸಿರಿನಷ್ಟು ಸಣ್ಣ ಧ್ವನಿಯನ್ನೂ ಸೆರೆಹಿಡಿಯುವುದು ಸಾಧ್ಯವಾಯಿತು. ತೆಳುವಾದ, ಎತ್ತರದ ಶ್ರುತಿಯ, ಹರೆಯದ ನಾಯಕಿಗೆ ಹೊಂದುವ ಕಂಠವನ್ನು ನಿರ್ಮಾಪಕರು ಬಯಸತೊಡಗಿದರು. ಅಮೀರ್‌ಬಾಯಿ, ಝೊಹ್ರಾಬಾಯಿ, ರಾಜಕುಮಾರಿ ಅವರಂತಹ ಗಾಯಕಿಯರ ಬೇಡಿಕೆ ಕೆಲವೇ ವರ್ಷಗಳಲ್ಲಿ ಕುಸಿಯಿತು.

ಎರಡು ಕಾಲಗಳು ಒಂದೇ ಹಾಡಿನಲ್ಲಿ ಸಂಧಿಸಿದ್ದು 1950ರ ‘ಸಮಾಧಿ’ ಚಿತ್ರದಲ್ಲಿ. ಸುಭಾಷ್ ಚಂದ್ರ ಬೋಸರ ಆಜಾದ್ ಹಿಂದ್ ಫೌಜಿನ ಹಿನ್ನೆಲೆಯ ಈ ಚಿತ್ರಕ್ಕೆ ಸಿ. ರಾಮಚಂದ್ರರು ಪಾಶ್ಚಾತ್ಯ ಶೈಲಿಯ ಚುರುಕಾದ ಯುಗಳಗೀತೆಯೊಂದನ್ನು ಸಂಯೋಜಿಸಿದರು. ತೆರೆಯ ಮೇಲೆ ನಳಿನಿ ಜಯವಂತ್ ಮತ್ತು ಕುಲದೀಪ್ ಕೌರ್ ಅಭಿನಯಿಸಿದ ಈ ಗೀತೆಯನ್ನು ಲತಾ ಮಂಗೇಶ್ಕರ್ ಮತ್ತು ಅಮೀರ್‌ಬಾಯಿ ಜೊತೆಯಾಗಿ ಹಾಡಿದರು. ಇದು ಅಮೀರ್‌ಬಾಯಿಯವರ ಕೊನೆಯ ದೊಡ್ಡ ಯಶಸ್ಸು. ವಿರಹ, ಭಕ್ತಿ ಮತ್ತು ದುಃಖದ ಗೀತೆಗಳಿಗೆ ಹೆಸರಾಗಿದ್ದ ಅವರು ಹೊಸ ಬಗೆಯ ಲಯಕ್ಕೂ ಹೊಂದಿಕೊಳ್ಳಬಲ್ಲವರಾಗಿದ್ದರು ಎಂಬುದು ಇದರಿಂದ ತಿಳಿಯುತ್ತದೆ.

ಕೊನೆಯ ವರ್ಷಗಳು ಮತ್ತು ನಿಧನ

1950ರ ದಶಕದಲ್ಲಿ ಗಾಯನದ ಅವಕಾಶಗಳು ಕಡಿಮೆಯಾದಾಗ ಅಮೀರ್‌ಬಾಯಿಯವರು ಮತ್ತೆ ಕ್ಯಾಮೆರಾದ ಮುಂದೆ ಬಂದರು. ಈಗ ಅವರಿಗೆ ದೊರೆತದ್ದು ಪೋಷಕ ಪಾತ್ರಗಳು. ಅವರು ಕಾಣಿಸಿಕೊಂಡ ಚಿತ್ರಗಳಲ್ಲಿ ಹಾಡುಗಳನ್ನು ಬೇರೆ ಗಾಯಕಿಯರು ಹಾಡುತ್ತಿದ್ದರು. ಧ್ವನಿಯಿಂದ ಹೆಸರಾಗಿ ಮುಖ ಅಪರಿಚಿತವಾಗಿ ಉಳಿದಿದ್ದ ಕಲಾವಿದೆ, ಕೊನೆಯ ವರ್ಷಗಳಲ್ಲಿ ಮುಖವನ್ನು ಮಾತ್ರ ತೆರೆಗೆ ನೀಡಿದಂತಾಯಿತು.

1965ರಲ್ಲಿ ಅವರು ಪಾರ್ಶ್ವವಾಯುವಿಗೆ ತುತ್ತಾದರು. ನಾಲ್ಕು ದಿನಗಳ ನಂತರ, ಮಾರ್ಚ್ 3ರಂದು ನಿಧನರಾದರು. ಅವರ ಅಂತ್ಯಸಂಸ್ಕಾರ ಬಿಜಾಪುರದಲ್ಲಿ ನೆರವೇರಿತು.

ಗಾಯನಶೈಲಿ

ಅಮೀರ್‌ಬಾಯಿಯವರ ಕಂಠದಲ್ಲಿ ನಾದದ ತುಂಬು ಮತ್ತು ಉಚ್ಚಾರಣೆಯ ಸ್ಪಷ್ಟತೆಗಳು ಎದ್ದುಕಾಣುತ್ತವೆ. 78 ಆರ್‌ಪಿಎಂ ತಟ್ಟೆಯ ಒಂದು ಬದಿಯಲ್ಲಿ ಸುಮಾರು ಮೂರು ನಿಮಿಷಗಳ ಹಾಡಿಗೆ ಮಾತ್ರ ಸ್ಥಳವಿತ್ತು. ಈ ಮಿತಿಯೊಳಗೆ ಪಲ್ಲವಿಯನ್ನು ನಿಲ್ಲಿಸಿ, ಸಣ್ಣ ಸಣ್ಣ ಮುರ್ಕಿಗಳಿಂದ ಭಾವವನ್ನು ಬೆಳೆಸುವ ಕೌಶಲವನ್ನು ಅವರು ಸಾಧಿಸಿದ್ದರು. ನಾಟ್ಯಸಂಗೀತದ ಪ್ರಭಾವವಿದ್ದರೂ ತಾನುಗಳನ್ನು ಹೇರದೆ, ಮಾತಿನ ಅರ್ಥಕ್ಕೆ ಪ್ರಾಧಾನ್ಯ ನೀಡುತ್ತಿದ್ದರು. ಉರ್ದು ಮಿಶ್ರಿತ ಹಿಂದಿ, ಬ್ರಜ್ ಛಾಯೆಯ ಗೀತೆಗಳು ಮತ್ತು ಗುಜರಾತಿ — ಹೀಗೆ ತಮ್ಮ ಮಾತೃಭಾಷೆಯಲ್ಲದ ಭಾಷೆಗಳಲ್ಲಿ ಹಾಡುವಾಗಲೂ ಅವರ ಉಚ್ಚಾರಣೆಯಲ್ಲಿ ಪರಕೀಯತೆ ಕಾಣುವುದಿಲ್ಲ.

ಸ್ಮರಣೆ

ವಿಜಯಪುರ ನಗರದಲ್ಲಿರುವ ಅಮೀರ್ ಟಾಕೀಸ್ ಚಿತ್ರಮಂದಿರವು ಅವರ ಹೆಸರನ್ನು ಹೊತ್ತಿದೆ. ಮುಂಬಯಿಯಲ್ಲಿ ಗಳಿಸಿದ ಹೆಸರು ಹುಟ್ಟಿದ ಸೀಮೆಯಲ್ಲಿ ಉಳಿದಿರುವುದಕ್ಕೆ ಇದು ಒಂದು ಗುರುತಾಗಿದೆ.

ರೇಡಿಯೊ ಸಿಲೋನ್ ಮತ್ತು ವಿವಿಧ ಭಾರತಿಯ ಹಳೆಯ ಚಿತ್ರಗೀತೆಗಳ ಕಾರ್ಯಕ್ರಮಗಳು ಅಮೀರ್‌ಬಾಯಿಯವರ ಹಾಡುಗಳನ್ನು ನಂತರದ ತಲೆಮಾರುಗಳಿಗೆ ತಲುಪಿಸಿದವು. ಹಾಗಿದ್ದರೂ ಕರ್ನಾಟಕದಲ್ಲಿ ಅವರ ಬದುಕಿನ ಬಗ್ಗೆ ಬಹುಕಾಲ ಹೆಚ್ಚಿನ ಬರಹಗಳಿರಲಿಲ್ಲ. ಕನ್ನಡದ ವಿಮರ್ಶಕ ಮತ್ತು ಸಂಶೋಧಕ ರಹಮತ್ ತರೀಕೆರೆ ಅವರು ಅಮೀರ್‌ಬಾಯಿಯವರ ಜೀವನಚರಿತ್ರೆಯನ್ನು ಬರೆದು, ಚಿತ್ರಗೀತೆಗಳ ಚರಿತ್ರೆಯಲ್ಲಿ ಮಾತ್ರ ಕಾಣಿಸುತ್ತಿದ್ದ ಅವರನ್ನು ಕನ್ನಡ ನಾಡಿನ ಸಾಂಸ್ಕೃತಿಕ ಚರಿತ್ರೆಯ ಭಾಗವಾಗಿ ಪರಿಚಯಿಸಿದರು.

ಆಯ್ದ ಚಲನಚಿತ್ರಗಳು

• ವಿಷ್ಣುಭಕ್ತಿ (1934) – ನಟನೆ
• ನರ್ಸಿ ಭಗತ್ (1940) – ಗಾಯನ
• ಕಿಸ್ಮತ್ (1943) – ಹಿನ್ನೆಲೆ ಗಾಯನ
• ರತನ್ (1944) – ಹಿನ್ನೆಲೆ ಗಾಯನ
• ಭರ್ತೃಹರಿ (1944) – ಹಿನ್ನೆಲೆ ಗಾಯನ
• ರಾಣಕದೇವಿ (1946, ಗುಜರಾತಿ) – ಹಿನ್ನೆಲೆ ಗಾಯನ
• ಸಿಂದೂರ್ (1947) – ಹಿನ್ನೆಲೆ ಗಾಯನ
• ಶಹನಾಯಿ (1947) – ಹಿನ್ನೆಲೆ ಗಾಯನ
• ಶಹನಾಜ್ (1948) – ಸಂಗೀತ ನಿರ್ದೇಶನ
• ಸಮಾಧಿ (1950) – ಹಿನ್ನೆಲೆ ಗಾಯನ